ಗಂಡನ ಹೊಡೆತ ತಾಳದೆ ಪುಣೆಯ ಮನೆ ಬಿಟ್ಟ ಅಕ್ಕ ಕಲಬುರಗಿಯ ತವರಿಗೆ ಬಂದಿಲ್ಲ. ಪೊಲೀಸರು ಬರೀ ‘ಮಿಸ್ಸಿಂಗ್’ ಎಂದು ಬರೆದುಕೊಂಡಿದ್ದಾರೆ. ಮುಂದೇನು?

ಮಿಸ್ಸಿಂಗ್ ದೂರಿನಲ್ಲೇ ನಿಲ್ಲಬೇಡಿ. ವಯಸ್ಕ ಹೆಂಗಸು ನಾಪತ್ತೆಯಾದರೆ ಬಹಳ ಸಲ ‘ತಾನೇ ಹೋಗಿದ್ದಾಳೆ’ ಎಂದು ಕಡತ ಮೂಲೆ ಸೇರುತ್ತದೆ. ಹಿಂಸೆಯ ವಿವರ ಬರೆದು ಎಫ್‌ಐಆರ್ ಕೇಳಿ: ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಅಪಹರಣದ ಅನುಮಾನವಿದ್ದರೆ 140. ಪುಣೆಗೇ ಹೋಗಬೇಕೆಂದಿಲ್ಲ, ಕಲಬುರಗಿ ಠಾಣೆಯಲ್ಲೇ ಕನ್ನಡದಲ್ಲಿ ಝೀರೋ ಎಫ್‌ಐಆರ್ (ಬೇರೆ ಠಾಣೆಯ ವ್ಯಾಪ್ತಿಯ ಘಟನೆಯನ್ನೂ ಇಲ್ಲೇ ದಾಖಲಿಸಿ ಅಲ್ಲಿಗೆ ಕಳಿಸುವುದು) ಆಗುತ್ತದೆ. ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ಹಿರಿಯ ಅಧಿಕಾರಿಗೆ ಕಳಿಸಿ, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ಎಲ್ಲಕ್ಕಿಂತ ಅವಸರ ಸಿಸಿಟಿವಿಯದು. ಹಳೆಯದರ ಮೇಲೆ ಹೊಸ ರೆಕಾರ್ಡಿಂಗ್ ಕೂರುತ್ತದೆ, ಕೆಲವೇ ವಾರಗಳಲ್ಲಿ ಗುರುತೂ ಉಳಿಯುವುದಿಲ್ಲ. ಸೊಸೈಟಿ ಗೇಟು, ಸ್ವಾರಗೇಟ್ ಬಸ್ ನಿಲ್ದಾಣ, ಪುಣೆ ರೈಲು ನಿಲ್ದಾಣ: ಇವುಗಳ ದೃಶ್ಯ ಕಾದಿರಿಸಲು ತನಿಖಾಧಿಕಾರಿಗೆ ದಿನಾಂಕ, ಸಮಯ ಹಾಕಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಕ್ಕನ ಫೋನಿನ ಜೊತೆ ಗಂಡನ ಫೋನಿನ ಟವರ್ ವಿವರವನ್ನೂ ತರಿಸಲು ಹೇಳಿ. ಅವಳ ಫೋನು ನಿಂತ ಹೊತ್ತಿಗೆ ಅವನೆಲ್ಲಿದ್ದ ಎನ್ನುವುದೇ ಮುಖ್ಯ. ಅಕ್ಕ ಕಳಿಸಿದ ವಾಟ್ಸಾಪ್ ಧ್ವನಿ, ಗಾಯದ ಫೋಟೊ ಯಾವುದನ್ನೂ ಅಳಿಸಬೇಡಿ.

ಯಾರೋ ಕೂಡಿಹಾಕಿದ್ದಾರೆ ಎನ್ನಲು ಆಧಾರವಿದ್ದರೆ ಬಾಂಬೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಅವಳನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ ಹಾಕಬಹುದು.

ಇನ್ನೊಂದು ಮಾತು: ಅವಳು ಜೀವಭಯದಿಂದ ಅಡಗಿರಲೂಬಹುದು. ಸಿಕ್ಕರೆ ವಿಳಾಸ ಗಂಡನಿಗೆ ತಿಳಿಸಬಾರದೆಂದು ದೂರಿನಲ್ಲೇ ಬರೆಸಿ. ಅವಳ ಫೋಟೊ ಹಾಕಿ ಊರೆಲ್ಲ ಹಂಚುವ ಮೊದಲೂ ಇದನ್ನು ಯೋಚಿಸಿ.