ಬುಲೆಟ್ ಇರುವೆ, ಆರ್ಮಿ ಇರುವೆ: ದೊಡ್ಡ ಬೇಟೆಗಾರ ಯಾವುದು?

ಅಮೆಜಾನ್ ಕಾಡಿನ ಬುಲೆಟ್ ಇರುವೆ ಮತ್ತು ಆರ್ಮಿ ಇರುವೆ, ಇವೆರಡರಲ್ಲಿ ದೊಡ್ಡ ಬೇಟೆಗಾರ ಯಾವುದು ಅಂತ ಕೇಳಿದ್ದೀರಿ. ನನ್ನ ಉತ್ತರ ಆರ್ಮಿ ಇರುವೆ. ಬುಲೆಟ್ ಇರುವೆಯ ಹೆಸರು ಜಾಸ್ತಿ ಕೇಳಿರುತ್ತೀರಿ, ಅದಕ್ಕೆ ಕಾರಣ ಅದರ ಕೊಂಡಿ, ಬೇಟೆಯಲ್ಲ.

ಕೊಂಡಿ ಮಾತ್ರ ನಿಜಕ್ಕೂ ಭಯಂಕರ. ಕೀಟಗಳ ಕುಟುಕಿನ ನೋವಿಗೆ ಅಂಕ ಕೊಟ್ಟ ಅಮೆರಿಕದ ಕೀಟವಿಜ್ಞಾನಿ ಜಸ್ಟಿನ್ ಶ್ಮಿಟ್ ಇದನ್ನು 4ರ ಅಂಕಿಯ ಮೇಲೆ ಇನ್ನೊಂದು ಪ್ಲಸ್ ಸೇರಿಸಿ ತುತ್ತತುದಿಯಲ್ಲಿ ಇಟ್ಟಿದ್ದರು. ವೆನೆಜುವೆಲಾದಲ್ಲಿ ಇದನ್ನು 'ಇಪ್ಪತ್ನಾಲ್ಕು' ಅಂತಲೇ ಕರೆಯುತ್ತಾರೆ, ನೋವು 24 ಗಂಟೆ ಬಿಡುವುದಿಲ್ಲ ಅಂತ. ಆದರೆ ಈ ಇರುವೆಯ ದಿನಚರಿ ನೋಡಿ. ಮರದ ಬುಡದಲ್ಲಿ ಗೂಡು, ಅದರಲ್ಲಿ ನೂರಾರು, ಹೆಚ್ಚೆಂದರೆ ಒಂದೆರಡು ಸಾವಿರ ಇರುವೆ. ಒಂದೊಂದೇ ಮರ ಹತ್ತಿ ಹೋಗುತ್ತವೆ. ಸಣ್ಣಪುಟ್ಟ ಹುಳ ಸಿಕ್ಕರೆ ಹಿಡಿಯುತ್ತವೆ, ಅಷ್ಟೇ. ಎಷ್ಟೋ ಸಲ ಗೂಡಿಗೆ ತರುವುದು ಮಕರಂದ, ಎರಡು ದವಡೆಗಳ ನಡುವೆ ಒಂದು ಹನಿ ಹಿಡಿದುಕೊಂಡು!

ಆರ್ಮಿ ಇರುವೆಯದು ಬೇರೆಯೇ ಲೋಕ. ನಾನು ಹೇಳುತ್ತಿರುವುದು ಎಸಿಟಾನ್ ಬರ್ಚೆಲ್ಲಿ ಅನ್ನುವ ಜಾತಿಯ ಬಗ್ಗೆ. ಇವು ಗೂಡು ಕಟ್ಟುವುದೇ ಇಲ್ಲ, ಲಕ್ಷಗಟ್ಟಲೆ ಇರುವೆಗಳು ಒಂದರ ಕಾಲಿಗೆ ಇನ್ನೊಂದು ಕೊಕ್ಕೆ ಹಾಕಿಕೊಂಡು ಜೋತುಬಿದ್ದು ತಮ್ಮ ಮೈಯಿಂದಲೇ ಗೂಡಾಗುತ್ತವೆ, ರಾಣಿ ಮತ್ತು ಮರಿಗಳು ಅದರ ಒಳಗೆ. ಬೆಳಕು ಹರಿದ ಮೇಲೆ ಆ ಗಂಟು ಬಿಚ್ಚಿಕೊಂಡು ದಂಡು ಹೊರಡುತ್ತದೆ. ಮುಂದಿನ ಸಾಲೇ ಹತ್ತು ಮೀಟರಿಗಿಂತ ಅಗಲ ಇರಬಹುದು. ಕಣ್ಣು ಸರಿಯಾಗಿ ಕಾಣದ ಜೀವಿಗಳು, ಎಲ್ಲ ಕೆಲಸ ವಾಸನೆ ಮತ್ತು ಸ್ಪರ್ಶದಿಂದಲೇ. ಜಿರಲೆ, ಜೇಡ, ಚೇಳು, ಬೇರೆ ಇರುವೆಗಳ ಮರಿ, ಏನು ಸಿಕ್ಕರೂ ತುಂಡು ಮಾಡಿ ಹೊತ್ತೊಯ್ಯುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇವುಗಳ ಲೆಕ್ಕಾಚಾರ. ಸುಮಾರು 15 ದಿನ ಹೆಚ್ಚುಕಡಿಮೆ ಪ್ರತಿ ರಾತ್ರಿ ಜಾಗ ಬದಲಿಸುತ್ತವೆ, ಆಮೇಲೆ ಸುಮಾರು 20 ದಿನ ಒಂದೇ ಕಡೆ. ಯಾಕೆ ಗೊತ್ತಾ? ಮರಿಹುಳುಗಳು ಬೆಳೆಯುವಾಗ ಅವಕ್ಕೆ ವಿಪರೀತ ಹಸಿವು, ಹಾಗಾಗಿ ಅಲೆದಾಟ. ಅವು ಕೋಶದೊಳಗೆ ಸೇರಿದ ಮೇಲೆ ತಿನ್ನುವುದಿಲ್ಲ, ಆಗ ದಂಡು ನಿಲ್ಲುತ್ತದೆ. ಇಷ್ಟು ದೊಡ್ಡ ಸೇನೆಯನ್ನು ನಡೆಸುವುದು ರಾಣಿಯಲ್ಲ, ಮರಿಗಳ ಹೊಟ್ಟೆ!

ಇನ್ನೊಂದು ವಿಷಯ. ಈ ದಂಡಿನ ಜೊತೆಗೇ ಬದುಕು ಕಟ್ಟಿಕೊಂಡ ಹಕ್ಕಿಗಳಿವೆ. ಅವು ಇರುವೆಗಳನ್ನು ತಿನ್ನಲು ಬರುವುದಲ್ಲ. ದಂಡಿಗೆ ಹೆದರಿ ತರಗೆಲೆಯಡಿಯಿಂದ ಹಾರಿ ಓಡುವ ಮಿಡತೆ, ಜಿರಲೆಗಳನ್ನು ಹಿಡಿಯಲು ಬೆಳಗ್ಗೆಯೇ ಬಂದು ಕಾಯುತ್ತವೆ. ಬುಲೆಟ್ ಇರುವೆಯ ಹಿಂದೆ ಹೀಗೆ ಯಾವ ಹಕ್ಕಿಯೂ ಹೋಗುವುದಿಲ್ಲ.