ಗೊತ್ತಿದ್ದೇ ಮುಡಿದೆ

ಪ್ರಶ್ನೆ: ಅಕ್ಕಾ, ನಮ್ಮೂರು ಉಡುಪಿ ಹತ್ತಿರದ ಶಂಕರಪುರ. ಮನೆಯಲ್ಲಿ ಮಲ್ಲಿಗೆ ತೋಟ ಇದೆ. ಅಮ್ಮ ತೀರಿಕೊಂಡು ಒಂದು ವರ್ಷ ಆಯಿತು. ಅವರ ಹೂವಿನ ಲೆಕ್ಕದ ಪುಸ್ತಕದಲ್ಲಿ, ‘2 ಅಟ್ಟೆ’ ಅಂತ ಬರೆದ ಪುಟದ ಕೆಳಗೆ ಈ ಸಾಲುಗಳಿವೆ:

ಸಂಜೆ ಅರಳಿತು.
ಬೆಳಗಾದರೆ ಬಾಡುತ್ತದೆ.
ಗೊತ್ತಿದ್ದೇ ಮುಡಿದೆ.
ನಾಳೆಗೂ ಒಂದು ಚೆಂಡು ಇಟ್ಟಿರು, ದೇವರೇ.

ಆ ಪುಟದಲ್ಲಿ ತಾರೀಕು ಇಲ್ಲ. ಅಪ್ಪ ಹೋದ ಮೇಲೆ ಅಮ್ಮ ಹೂ ಮುಡಿದದ್ದನ್ನು ನಾನು ನೋಡಿಲ್ಲ. ಇದು ವೈರಾಗ್ಯದ ಪದ್ಯ ಅನ್ನುತ್ತಾರೆ ಸೋದರಮಾವ. ಹೌದಾ?
– ಒಬ್ಬ ಮಗಳು

ಉತ್ತರ: ಅಲ್ಲ ತಂಗಿ. ಮಾವನಿಗೆ ಹಾಗೆ ಅನಿಸಿದ್ದು ಸಹಜ. ಉಡುಪಿಯಲ್ಲಿ ದಾಸರ ಪದ ಕೇಳುತ್ತಲೇ ಬೆಳೆದವರು ನಾವು. ‘ಬಾಡುತ್ತದೆ’ ಅಂತ ಕಿವಿಗೆ ಬಿದ್ದರೆ ಸಾಕು, ಆಸೆ ಬಿಡು ಅಂತಲೇ ಕೇಳಿಸುತ್ತದೆ. ಆದರೆ ಅಮ್ಮ ಬಾಡುವಲ್ಲಿ ನಿಲ್ಲಿಸಲಿಲ್ಲ. ‘ಗೊತ್ತಿದ್ದೂ’ ಅಂತಲೂ ಬರೆಯಲಿಲ್ಲ. ‘ಗೊತ್ತಿದ್ದೇ’ ಅಂದರು. ಅದರಲ್ಲಿ ತಪ್ಪೊಪ್ಪಿಗೆ ಇಲ್ಲ.

ಲೆಕ್ಕವನ್ನೂ ಪದ್ಯದ ಜೊತೆಗೇ ಓದಿ. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನ ಅಮ್ಮ ಮಾರಿದ್ದು 6400 ಮೊಗ್ಗು. ಬೆಳಗ್ಗೆ ಬೇಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅರಳುವ ಮೊದಲೇ ಕೊಟ್ಟಾಯಿತು. ಅವು ಅರಳುವುದು ಸಂಜೆ, ಉಡುಪಿಯಲ್ಲೋ ಮಂಗಳೂರಿನಲ್ಲೋ ಯಾರದೋ ತಲೆಯಲ್ಲಿ. ಬೆಳೆದವರ ಪಾಲಿಗೆ ಮೊಗ್ಗು ಮಾತ್ರ. ಆದರೂ ಅಮ್ಮನ ಮೊದಲ ಸಾಲೇ ‘ಸಂಜೆ ಅರಳಿತು’. ಅಂದರೆ ಅವತ್ತು ಸ್ವಲ್ಪ ಹೂ ಮಾರದೆ ಇಟ್ಟುಕೊಂಡಿದ್ದಾರೆ, ಅಲ್ವಾ?

‘ಇಟ್ಟಿರು’ ಅನ್ನುವ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಯಿತು. ಹೂವಿನವಳಿಗೆ ‘ನಾಳೆಗೊಂದು ಚೆಂಡು ಇಟ್ಟಿರು’ ಅಂತ ಹೇಳಿ ಹೋಗುತ್ತೇವಲ್ಲ, ಅದೇ ಮಾತು. ಎಷ್ಟೋ ಜನ ಅಮ್ಮನಿಗೆ ಹೇಳಿರಬಹುದಾದದ್ದನ್ನು ಅಮ್ಮ ದೇವರಿಗೆ ಹೇಳಿದ್ದಾರೆ. ಮೋಕ್ಷ ಕೇಳಲಿಲ್ಲ, ಬಾಡದ ಹೂವನ್ನೂ ಕೇಳಲಿಲ್ಲ.

ಬರೆದದ್ದು ಯಾವಾಗ? ಅಪ್ಪ ಇದ್ದಾಗಲೇ ಆದರೆ ಇದು ಇನ್ನಷ್ಟು ದಿನ ಹೀಗೇ ಸಿಗಲಿ ಅನ್ನುವ ಬೇಡಿಕೆ. ಆದರೆ ಪದ್ಯದ ಸಮಯ ನೋಡಿ. ಸಂಜೆಗೆ ಶುರುವಾಗಿ ಬೆಳಗಿಗೆ ಮುಗಿಯುತ್ತದೆ. ಮನೆಯವರೆಲ್ಲ ಮಲಗಿದ ಹೊತ್ತು. ಕಟಪಾಡಿಯಲ್ಲಿದ್ದ ನಮ್ಮ ಚಿಕ್ಕಮ್ಮ, ಚಿಕ್ಕಪ್ಪ ಹೋದ ಮೇಲೂ ದಿನಾ ಹೂ ಕಟ್ಟುತ್ತಿದ್ದರು. ಕಟ್ಟಿ ಮುಗಿದ ಮೇಲೆ ಕೈ ತೊಳೆಯುತ್ತಿರಲಿಲ್ಲ. ಸುಮ್ನೆ ಎರಡೂ ಅಂಗೈ ಮೂಗಿನ ಹತ್ತಿರ ಹಿಡಿದು ಕೂರುತ್ತಿದ್ದರು. ಚಿಕ್ಕವಳಿದ್ದ ನನಗೆ ಅರ್ಥವಾಗಿರಲಿಲ್ಲ. ನಿಮ್ಮ ಅಮ್ಮ ಅಂಗೈಯಲ್ಲೇ ನಿಲ್ಲಲಿಲ್ಲ, ಮುಡಿದೇಬಿಟ್ಟರು ಅಂತ ನನ್ನ ಮನಸ್ಸು ಹೇಳುತ್ತದೆ.

ಹಿಂದಿನ, ಮುಂದಿನ ಪುಟಗಳಲ್ಲಿ ತಾರೀಕು ಇರಬಹುದು. ನೋಡಿ ನನಗೊಂದು ಸಾಲು ಬರೆಯಿರಿ. ಮಾವನಿಗೂ ತೋರಿಸಿ.