ಅಪ್ಪ-ಅಮ್ಮ ಊರಿನಿಂದ ಇಂಗ್ಲೆಂಡಿನ ಡರ್ಬಿಗೆ ಬರುತ್ತಿದ್ದಾರೆ. ಡರ್ಬಿಶೈರ್‌ನ ಅರಮನೆ, ಕೋಟೆಗಳನ್ನೆಲ್ಲ ತೋರಿಸಲು ಹಳೆಯ ಮನೆ-ತೋಟಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯತ್ವ ಪಡೆದರೆ ಲಾಭವೇ?

ನೀವು ಎಣಿಸಿರುವ ಲಾಭ ಸಿಗುವುದಿಲ್ಲ. ನೀವು ಬರೆದು ಕಳಿಸಿದ ಯೋಜನೆ ನೋಡಿದೆ: ನಾಲ್ಕು ವಾರಾಂತ್ಯಗಳಲ್ಲಿ ಎಂಟು ಜಾಗ, ಇಬ್ಬರು ಹಿರಿಯರು, ಎರಡು ಮಕ್ಕಳು, ಮೇಲಾಗಿ ಐದು ಸೀಟಿನ ಕಾರು! ಪಟ್ಟಿಯ ತುದಿಯಲ್ಲಿ ಚಾಟ್ಸ್‌ವರ್ತ್ ಅರಮನೆ, ಬುಡದಲ್ಲಿ ‘ಸಮಯ ಉಳಿದರೆ ಕ್ರಾಮ್‌ಫರ್ಡ್ ಗಿರಣಿ’. ನನ್ನ ಪಟ್ಟಿಯೂ ಅಕ್ಷರಶಃ ಹೀಗೇ ಇತ್ತು.

ನಮ್ಮದು ದಾವಣಗೆರೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಅಪ್ಪ ಅಲ್ಲಿನ ಹತ್ತಿ ಗಿರಣಿಯೊಂದರ ಸ್ಪಿನ್ನಿಂಗ್ ವಿಭಾಗದಲ್ಲಿದ್ದವರು. ಅವರು ಮೊದಲ ಬಾರಿ ಇಲ್ಲಿಗೆ ಬರುವ ಮುಂಚೆಯೇ ನಾನು ಬಹಳ ಬುದ್ಧಿವಂತನಂತೆ ನ್ಯಾಷನಲ್ ಟ್ರಸ್ಟ್‌ನ ಕುಟುಂಬ ಸದಸ್ಯತ್ವ ಪಡೆದಿದ್ದೆ. ವರ್ಷವಿಡೀ ಎಲ್ಲೆಡೆ ಉಚಿತ ಪ್ರವೇಶ ಎಂಬ ಭ್ರಮೆ. ಈ ಭ್ರಮೆ ಹುಟ್ಟಿದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ.

ನಾವು ಹಂಪಿ, ಪಟ್ಟದಕಲ್ಲು, ಬೇಲೂರು ನೋಡುತ್ತ ಬೆಳೆದವರು. ಎಲ್ಲಿ ಹೋದರೂ ಬಾಗಿಲಲ್ಲಿ ಪುರಾತತ್ವ ಇಲಾಖೆಯ ಅದೇ ಫಲಕ. ಹಳೆಯ ಕಟ್ಟಡ ಎಂದರೆ ಅದಕ್ಕೊಂದು ಇಲಾಖೆ ಇರುತ್ತದೆ ಎಂಬುದು ತಲೆಯಲ್ಲಿ ಕೂತುಬಿಟ್ಟಿದೆ. ಇಂಗ್ಲೆಂಡಿನ ರಸ್ತೆಗಳಲ್ಲಿ ಕಂದು ಬಣ್ಣದ ಪ್ರವಾಸಿ ಫಲಕಗಳು ಕಂಡಾಗ ಅವೆಲ್ಲ ಒಂದೇ ಒಡೆತನದವು ಎಂದುಕೊಂಡೆ. ಕಂದು ಫಲಕ ಯಾರಿಗಾದರೂ ಸಿಗುತ್ತದೆ, ಮೃಗಾಲಯಕ್ಕೂ ಅದೇ. ಟ್ರಸ್ಟ್‌ನ ಗುರುತು ಓಕ್ ಎಲೆ. ಡರ್ಬಿಶೈರ್‌ನಲ್ಲಿ ಆ ಎಲೆಯ ಕೆಳಗೆ ಬರುವ ದೊಡ್ಡ ಮನೆಗಳು ಹಾರ್ಡ್‌ವಿಕ್, ಕೆಡಲ್‌ಸ್ಟನ್, ಕಾಲ್ಕ್ ಆ್ಯಬಿ ಮತ್ತು ಸಡ್‌ಬರಿ. ಚಾಟ್ಸ್‌ವರ್ತ್ ಡೆವನ್‌ಶೈರ್ ಡ್ಯೂಕರ ಮನೆತನದ್ದು, ಅದನ್ನು ನಡೆಸುವುದು ಬೇರೆಯದೇ ಆದ ಧರ್ಮದತ್ತಿ. ಹ್ಯಾಡನ್ ಹಾಲ್ ಖಾಸಗಿ. ಬೋಲ್ಸೋವರ್ ಕೋಟೆ ಇಂಗ್ಲಿಷ್ ಹೆರಿಟೇಜ್ ಎಂಬ ಇನ್ನೊಂದು ಸಂಸ್ಥೆಯ ವಶದಲ್ಲಿದೆ. ಹೆಸರು ಕೇಳಿದರೆ ಅಣ್ಣತಮ್ಮಂದಿರು ಎನಿಸಿದರೂ ಟ್ರಸ್ಟ್‌ಗೂ ಅದಕ್ಕೂ ಸಂಬಂಧವಿಲ್ಲ, ಸದಸ್ಯತ್ವವೂ ಬೇರೆ. ಕ್ರಿಚ್‌ನ ಟ್ರಾಮ್ ವಸ್ತುಸಂಗ್ರಹಾಲಯ, ಕ್ರಾಮ್‌ಫರ್ಡ್ ಗಿರಣಿ, ಕ್ಯಾಸಲ್ಟನ್ ಗುಹೆಗಳು, ಇವುಗಳಲ್ಲಿ ಯಾವುದಕ್ಕೂ ಆ ಕಾರ್ಡು ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಎಂಟರಲ್ಲಿ ಉಳಿದದ್ದು ಎರಡು.

ಇಷ್ಟೂ ನನಗೆ ಗೊತ್ತಾಗಿದ್ದು ಚಾಟ್ಸ್‌ವರ್ತ್‌ನ ಟಿಕೆಟ್ ಕಿಟಕಿಯ ಮುಂದೆ. ಅಲ್ಲಿದ್ದ ಹೆಂಗಸು ಕಾರ್ಡನ್ನು ನೋಡಿ, ಸೌಜನ್ಯದಿಂದಲೇ, ಇದು ಇಲ್ಲಿಯದಲ್ಲ ಎಂದರು. ಕಾರ್ಡು ನಡೆಯುವ ಜಾಗವಾಗಿದ್ದರೂ ಅಪ್ಪ-ಅಮ್ಮನಿಗೆ ಬೇರೆ ಟಿಕೆಟ್ ಬೇಕಾಗುತ್ತಿತ್ತು, ಅದು ನನ್ನ ಮತ್ತು ಹೆಂಡತಿಯ ಹೆಸರಿನಲ್ಲಿದ್ದದ್ದು. ಕುಟುಂಬ ಎಂದರೆ ಮನೆಯಲ್ಲಿರುವ ಎಲ್ಲರೂ ಎಂದು ಓದಿಕೊಂಡವನು ನಾನು. ಆರು ಜನರ ಮೊತ್ತವನ್ನು ಅಮ್ಮ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ‘ನೀವು ನೋಡಿಕೊಂಡು ಬನ್ನಿ, ನಾನು ಹುಲ್ಲಿನ ಮೇಲೆ ಕೂತಿರುತ್ತೇನೆ’ ಎಂದರು. ನಾನು ಕೇಳಬೇಕಲ್ಲ! ಎಲ್ಲರಿಗೂ ಟಿಕೆಟ್ ಕೊಂಡೆ.

ಅಲ್ಲಿಂದ ಶುರುವಾದದ್ದು ವಸೂಲಿ. ದುಡ್ಡು ಕೊಟ್ಟಾಗಿದೆ ಎಂದು ಒಂದು ಕೋಣೆಯನ್ನೂ ಬಿಡದೆ ಓಡಾಡಿಸಿದೆ. ರಷ್ಯಾದ ಝಾರ್ ಒಂದನೇ ನಿಕೊಲಾಸ್ ಬರುತ್ತಾನೆಂದು ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1844ರಲ್ಲಿ ರೂಪಿಸಿದ ಎಂಪರರ್ ಕಾರಂಜಿ ತೋಟದಲ್ಲಿದೆ; ಝಾರ್ ಬರಲೇ ಇಲ್ಲ. ಈ ಕಥೆ ಕೇಳಿದ ಅಪ್ಪ ಅವತ್ತು ನಕ್ಕದ್ದು ಅದೊಂದೇ ಸಲ. ಮಕ್ಕಳಿಗೆ ಬೇಕಿದ್ದದ್ದು ಮೇಕೆ, ಹಂದಿಗಳಿದ್ದ ಅಂಗಳ ಮಾತ್ರ.

ಮುಂದಿನ ವಾರ ಕಾರ್ಡಿನ ವಸೂಲಿ. ಅದು ನಡೆಯುವ ಜಾಗ ಬೇಕಲ್ಲ, ಹಾರ್ಡ್‌ವಿಕ್‌ಗೆ ಹೊರಟೆವು. 1590ರ ದಶಕದಲ್ಲಿ ಬೆಸ್ ಎಂಬ ಗಟ್ಟಿಗಿತ್ತಿ ಕಟ್ಟಿಸಿದ ಮನೆ ಅದು. ಗೋಡೆಗಿಂತ ಗಾಜೇ ಹೆಚ್ಚು ಎಂದು ಇಂಗ್ಲಿಷರು ಪ್ರಾಸ ಕಟ್ಟಿ ಹೇಳುತ್ತಾರೆ. ನೆತ್ತಿಯ ಮೇಲೆ ಆಕೆಯ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ನಿಲ್ಲಿಸಿದ್ದಾರೆ. ಸಾಮಾನ್ಯವಾಗಿ ದರ್ಬಾರು ಕೋಣೆ ಕೆಳಗಿರುತ್ತದೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಅತ್ಯಂತ ವೈಭವದ ಕೋಣೆಗಳು ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿವೆ, ಹೋಗುವುದು ಉದ್ದನೆಯ ಕಲ್ಲಿನ ಮೆಟ್ಟಿಲುಗಳ ಮೇಲೆ. ಅಮ್ಮ ಹತ್ತಿದರು, ಏನೂ ಹೇಳಲಿಲ್ಲ. ಮರುದಿನ ಮಂಡಿ ಊದಿಕೊಂಡಿತು. ಅದರ ಮುಂದಿನ ವಾರಾಂತ್ಯ ಮನೆಯಲ್ಲೇ ಕಳೆಯಿತು, ಮತ್ತು ‘ಸಮಯ ಉಳಿದರೆ’ ಎಂಬ ಸಾಲು ಹೆಚ್ಚುಕಡಿಮೆ ಅಳಿಸಿಯೇ ಹೋಗಿತ್ತು. ಅಪ್ಪ ಬಾಯಿಬಿಟ್ಟು ಕೇಳದಿದ್ದರೆ ನಾವು ಕ್ರಾಮ್‌ಫರ್ಡ್‌ಗೆ ಹೋಗುತ್ತಲೇ ಇರಲಿಲ್ಲ. ‘ನೂಲಿನ ಗಿರಣಿ ಒಂದು ಇಲ್ಲೆಲ್ಲೋ ಇದೆಯಂತಲ್ಲ’ ಎಂದು ಅವರು ಸಂಕೋಚದಿಂದ ಕೇಳಿದ್ದು ವಿಮಾನಕ್ಕೆ ಮುಂಚಿನ ಕೊನೆಯ ಶನಿವಾರ.

ಡರ್ಬಿಯಿಂದ ಮ್ಯಾಟ್ಲಾಕ್ ರೈಲು ಹತ್ತಿದರೆ ಕ್ರಾಮ್‌ಫರ್ಡ್‌ಗೆ ಅದರದೇ ನಿಲ್ದಾಣವಿದೆ, ಆರು ಜನಕ್ಕೆ ಐದು ಸೀಟು ಎಂಬ ಲೆಕ್ಕವೂ ಕಾಡುವುದಿಲ್ಲ. ಗಿರಣಿಯ ಅಂಗಳಕ್ಕೆ ಪ್ರವೇಶ ಶುಲ್ಕವಿಲ್ಲ. ಒಳಗಿನ ಪ್ರದರ್ಶನಕ್ಕೆ, ಮಾರ್ಗದರ್ಶಕರ ಜೊತೆಗಿನ ಸುತ್ತಾಟಕ್ಕೆ ದುಡ್ಡು. ಮೊದಲು ಕ್ಷೌರಿಕನೂ ವಿಗ್ ತಯಾರಕನೂ ಆಗಿದ್ದ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಆರಂಭಿಸಿದ್ದು ಇಲ್ಲೇ. ಸೀಸದ ಗಣಿಗಳಿಂದ ನೀರು ಹೊರಹಾಕಲು ಕೊರೆದಿದ್ದ ಸುರಂಗದ ನೀರನ್ನೂ ಅವನು ಬಳಸಿಕೊಂಡ. ನೆಲದಾಳದಿಂದ ಬರುವ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ, ಗಿರಣಿ ನಿಲ್ಲುವುದಿಲ್ಲ. ಅಪ್ಪನಿಗೆ ಇಷ್ಟು ಹೇಳಿದ್ದೇ ತಡ, ಆಮೇಲೆ ಅವರೇ ಮಾರ್ಗದರ್ಶಕರು. ಆರ್ಕ್‌ರೈಟ್‌ನ ನೂಲುವ ಯಂತ್ರವಾದ ವಾಟರ್ ಫ್ರೇಮಿನ ಚಿತ್ರದ ಮುಂದೆ ಮೊಮ್ಮಕ್ಕಳನ್ನು ನಿಲ್ಲಿಸಿಕೊಂಡು, ಹಿಂದಿನ ಜೋಡಿ ರೋಲರಿಗಿಂತ ಮುಂದಿನ ಜೋಡಿ ವೇಗವಾಗಿ ತಿರುಗಿ ಹಂಜಿಯನ್ನು ಎಳೆದು ತೆಳುವಾಗಿಸುವುದನ್ನು ಎರಡು ಕೈಗಳಲ್ಲಿ ತೋರಿಸಿದರು. ತಾವು ದುಡಿದ ರಿಂಗ್ ಫ್ರೇಮಿನಲ್ಲೂ ತತ್ತ್ವ ಇದೇ ಎಂದರು. ಹಗಲು ರಾತ್ರಿ ಪಾಳಿ, ಹನ್ನೆರಡು ಗಂಟೆಯ ದುಡಿತ, ಮಕ್ಕಳೂ ಕೆಲಸಗಾರರು ಎಂಬ ಮಾತು ಬಂದಾಗ ನನ್ನ ಮಗಳು ‘ನನ್ನಷ್ಟು ಚಿಕ್ಕವರಾ?’ ಎಂದು ಕೇಳಿದಳು. ಚಾಟ್ಸ್‌ವರ್ತ್‌ನ ಬಂಗಾರದ ಚೌಕಟ್ಟುಗಳ ಮುಂದೆ ಅವಳಿಂದ ಒಂದು ಪ್ರಶ್ನೆಯೂ ಬಂದಿರಲಿಲ್ಲ.

ಆಮೇಲೆ ಕಾಲುವೆಯ ದಂಡೆ ಹಿಡಿದು ಹೈ ಪೀಕ್ ಜಂಕ್ಷನ್ ಕಡೆ ನಡೆದೆವು. ಸಮತಟ್ಟಾದ ದಾರಿ, ಮೈಲಿಯೊಂದರ ಆಸುಪಾಸು. ಅಮ್ಮ ನಡುವೆ ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಡಬ್ಬಿ ಒಯ್ಯುವುದಕ್ಕೆ ನಾಚಿಕೊಳ್ಳಬೇಡಿ. ಇಲ್ಲಿಯವರೂ ಒಯ್ಯುತ್ತಾರೆ, ಮೇಲಾಗಿ ಈ ಸೀಮೆಯ ಹೆಸರಾಂತ ಬೇಕ್‌ವೆಲ್ ಪುಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ.

ಆದ್ದರಿಂದ ಯಾವ ಸದಸ್ಯತ್ವ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕಾರ್ಡು ಕೈಗೆ ಬಂದರೆ ದಿನಚರಿಯನ್ನು ಕಾರ್ಡೇ ನಿರ್ಧರಿಸುತ್ತದೆ. ನಿಮ್ಮ ತಂದೆ ಯಾವ ಕೆಲಸದಲ್ಲಿದ್ದರು, ತಾಯಿಗೆ ಎಷ್ಟು ಮೆಟ್ಟಿಲು ಸಾಧ್ಯ, ಇವೆರಡನ್ನೂ ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿಕೊಳ್ಳಿ. ವಾರಾಂತ್ಯಕ್ಕೆ ಒಂದೇ ಜಾಗ ಸಾಕು, ಎಂಟು ಬೇಡವೇ ಬೇಡ. ಕ್ಯಾಸಲ್ಟನ್‌ನ ಸ್ಪೀಡ್‌ವೆಲ್ ಗುಹೆಗೆ ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ದೋಣಿ ಹತ್ತಬೇಕು, ಹತ್ತಿ ಬರುವುದೂ ಅಷ್ಟೇ, ಹಿರಿಯರಿದ್ದರೆ ಬಿಡಿ.

ಟ್ರಸ್ಟ್‌ನ ಮನೆ ಒಂದನ್ನಾದರೂ ನೋಡಲೇಬೇಕೆಂದರೆ ಕೆಡಲ್‌ಸ್ಟನ್ ನೋಡಿ, ಆ ದಿನದ ಟಿಕೆಟ್ ಕೊಂಡರಾಯಿತು. ಡರ್ಬಿಯಿಂದ ನಾಲ್ಕೈದು ಮೈಲಿ. ವೈಸ್‌ರಾಯ್ ಕರ್ಜನ್ ಹುಟ್ಟಿದ ಮನೆ. ಅವನು ಏಷ್ಯಾದಿಂದ ತಂದ ವಸ್ತುಗಳಿಗೇ ಒಂದು ಸಂಗ್ರಹಾಲಯವಿದೆ. 1903ರ ದಿಲ್ಲಿ ದರ್ಬಾರಿನ ಸಂದರ್ಭದಲ್ಲಿ ಅವನ ಹೆಂಡತಿ ಉಟ್ಟ, ಜೀರುಂಡೆ ರೆಕ್ಕೆಗಳನ್ನು ಹೊಲಿದ ಜರ್ದೋಜಿ ನವಿಲು ಗೌನು ಈ ಮನೆಯ ಸಂಗ್ರಹದಲ್ಲಿದೆ. ಇನ್ನೊಂದು ಸಂಗತಿ ನಮ್ಮವರಿಗೆ ಹೇಳಲೇಬೇಕು: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಕಟ್ಟಿಸಿದ ಗವರ್ನಮೆಂಟ್ ಹೌಸ್‌ಗೆ ಮಾದರಿ ಈ ಮನೆಯೇ.

ದುಡ್ಡಿಲ್ಲದೆ ನೋಡುವುದಾದರೆ ಈಯಮ್ ಎಂಬ ಹಳ್ಳಿ. 1665ರಲ್ಲಿ ಲಂಡನ್‌ನಿಂದ ದರ್ಜಿಗೆ ಬಂದ ಬಟ್ಟೆಯ ಜೊತೆ ಪ್ಲೇಗ್ ಬಂತೆಂದು ಹೇಳುತ್ತಾರೆ. ಪಾದ್ರಿ ಮೊಂಪೆಸನ್ ಮಾತಿಗೆ ಊರೇ ತನಗೆ ತಾನು ದಿಗ್ಬಂಧನ ಹಾಕಿಕೊಂಡಿತು. ಗಡಿಗಲ್ಲಿನ ಕುಳಿಗಳಲ್ಲಿ ವಿನೆಗರ್ ಹಾಕಿ ನಾಣ್ಯ ಇಟ್ಟು ಹೊರಗಿನವರಿಂದ ಆಹಾರ ಪಡೆದರು. ಕೋವಿಡ್ ಕಂಡ ಹಿರಿಯರಿಗೆ ವಿವರಣೆ ಬೇಕಾಗುವುದಿಲ್ಲ.

ಮಕ್ಕಳ ದಿನಕ್ಕೆ ಕ್ರಿಚ್. ರೈಲು ಎಂಜಿನ್ ಖ್ಯಾತಿಯ ಜಾರ್ಜ್ ಸ್ಟೀಫನ್‌ಸನ್ ಕಾಲದ ಸುಣ್ಣಕಲ್ಲಿನ ಗಣಿಯ ಜಾಗದಲ್ಲಿ ಹಳೆಯ ಟ್ರಾಮ್‌ಗಳು ಈಗಲೂ ಓಡುತ್ತವೆ. ಬಾಗಿಲಲ್ಲಿ ಹಳೆಯ ಪೆನ್ನಿ ನಾಣ್ಯ ಕೊಡುತ್ತಾರೆ, ಅದನ್ನೇ ಕಂಡಕ್ಟರ್‌ಗೆ ಕೊಟ್ಟು ಟಿಕೆಟ್ ಪಡೆಯಬೇಕು. ನನ್ನ ಮಗ ಕೊಡಲು ಒಪ್ಪದೆ ದೊಡ್ಡ ರಂಪವಾಯಿತು. ಜಾಗ ಗುಡ್ಡದ ಮೇಲಿದೆ. ಜುಲೈ ಎಂದು ನಂಬಿ ಅಮ್ಮನ ಸ್ವೆಟರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.